ಕಟ್ಟದೆ ಉಳಿದ ಹದಿನಾಲ್ಕು ಮೈಲಿ: ವೇಲ್ಸ್‌ನ ಒಂದು ಹೆದ್ದಾರಿ ತೀರ್ಮಾನದ ಪ್ರಕರಣ ಅಧ್ಯಯನ

ವೇಲ್ಸ್‌ನ ಆಗ್ನೇಯ ಮೂಲೆಯಲ್ಲಿರುವ ನ್ಯೂಪೋರ್ಟ್ ಒಂದು ಬಂದರು ನಗರ. ಲಂಡನ್ನಿನಿಂದ ಹೊರಟು ದಕ್ಷಿಣ ವೇಲ್ಸ್‌ನ ಉದ್ದಕ್ಕೂ ಸಾಗುವ ಎಂ4 ಹೆದ್ದಾರಿ ಈ ನಗರದ ಉತ್ತರದ ಅಂಚಿನಲ್ಲಿರುವ ಬ್ರಿನ್‌ಗ್ಲಾಸ್ ಗುಡ್ಡವನ್ನು ಜೋಡಿ ಸುರಂಗಗಳ ಮೂಲಕ ದಾಟುತ್ತದೆ. 1967ರಲ್ಲಿ ತೆರೆದ ಆ ಸುರಂಗಗಳಲ್ಲಿ ಒಂದೊಂದು ದಿಕ್ಕಿಗೆ ಇರುವುದು ಎರಡೇ ಪಥ. ಮೂರು ಪಥಗಳಲ್ಲಿ ಹರಿದು ಬಂದ ವಾಹನಗಳು ಸುರಂಗದ ಬಾಯಲ್ಲಿ ಎರಡಕ್ಕೆ ಕುಗ್ಗಬೇಕು. ಒಳಗೆ ಒಂದು ಗಾಡಿ ಕೆಟ್ಟು ನಿಂತರೆ ಪಕ್ಕಕ್ಕೆ ಸರಿಸಲು ಜಾಗವಿಲ್ಲ. ಬೆಳಗ್ಗೆ ಮತ್ತು ಸಂಜೆ ಇಲ್ಲಿ ಸಾಲುಗಟ್ಟಿ ನಿಲ್ಲುವ ವಾಹನಗಳು ವೇಲ್ಸ್‌ನ ರಾಜಕಾರಣಕ್ಕೆ ಮೂರು ದಶಕಗಳಿಂದ ತಲೆನೋವಾಗಿವೆ.

ಇದಕ್ಕೆ ಸೂಚಿಸಿದ ಮದ್ದು 1991ರಷ್ಟು ಹಳೆಯದು. ನಗರದ ದಕ್ಷಿಣಕ್ಕೆ, ಮೇಗರ್‌ನಿಂದ ಕ್ಯಾಸಲ್‌ಟನ್‌ವರೆಗೆ ಸುಮಾರು 14 ಮೈಲಿ, ಅಂದರೆ 23 ಕಿಲೋಮೀಟರ್ ಉದ್ದದ ಆರು ಪಥಗಳ ಹೊಸ ಬೈಪಾಸ್ ಹೆದ್ದಾರಿ. ಖರ್ಚು ಹೆಚ್ಚಾಯಿತೆಂದು 2009ರಲ್ಲಿ ಅದನ್ನು ಕೈಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಅದು ಮತ್ತೆ ಕಡತಗಳಿಗೆ ಮರಳಿತು. 2016ರ ಚುನಾವಣೆಯಲ್ಲಿ ಆಳುವ ಲೇಬರ್ ಪಕ್ಷದ ಪ್ರಣಾಳಿಕೆಯೇ ಈ ರಸ್ತೆಯ ಭರವಸೆ ಕೊಟ್ಟಿತ್ತು. ಉದ್ಯಮ ಸಂಘಟನೆಗಳು ಬೆನ್ನಿಗಿದ್ದವು. ಸಾಲ ಪಡೆಯುವ ಅಧಿಕಾರವೂ ವೇಲ್ಸ್ ಸರ್ಕಾರಕ್ಕೆ ದಕ್ಕಿತ್ತು. ಇಷ್ಟೆಲ್ಲ ಅನುಕೂಲಗಳಿದ್ದರೂ 2019ರ ಜೂನ್ 4ರಂದು ವೇಲ್ಸ್ ಸರ್ಕಾರದ ಮುಖ್ಯಸ್ಥರಾದ ಮೊದಲ ಸಚಿವ ಮಾರ್ಕ್ ಡ್ರೇಕ್‌ಫರ್ಡ್ ಈ ರಸ್ತೆಯನ್ನು ಕಟ್ಟುವುದಿಲ್ಲವೆಂದು ಶಾಸನಸಭೆಯಲ್ಲಿ ಪ್ರಕಟಿಸಿದರು.

ಬೆಳವಣಿಗೆಯ ಬದಲಿಗೆ ಜನರ ಒಳಿತನ್ನು ಗುರಿಯಾಗಿಟ್ಟುಕೊಂಡ ಸರ್ಕಾರ ಹೇಗಿರುತ್ತದೆ ಎಂಬ ಪ್ರಶ್ನೆ ಬಂದಾಗಲೆಲ್ಲ ಈ ತೀರ್ಮಾನವನ್ನು ಉದಾಹರಿಸುವುದು ರೂಢಿಯಾಗಿದೆ. ಯೋಗಕ್ಷೇಮದ ಕಾಯ್ದೆಯೊಂದು ಹೆದ್ದಾರಿಯೊಂದನ್ನು ತಡೆಯಿತು ಎಂಬ ಕಥೆ ಕೇಳಲು ಚೆನ್ನಾಗಿದೆ. ಆದರೆ ಕಡತವನ್ನು ಬಿಡಿಸಿ ನೋಡಿದರೆ ಕಥೆ ಅಷ್ಟು ನೇರವಾಗಿಲ್ಲ, ಮತ್ತು ಈ ಪ್ರಕರಣದಿಂದ ಕಲಿಯಬೇಕಾದದ್ದು ಇರುವುದು ಆ ಅಂಕುಡೊಂಕಿನಲ್ಲೇ ಎಂಬುದು ನನ್ನ ಅಭಿಪ್ರಾಯ.

ಕಾಯ್ದೆ ಬರೆದ ಸಮೃದ್ಧಿ

2015ರ ಏಪ್ರಿಲ್‌ನಲ್ಲಿ ಅಂಗೀಕೃತವಾದ ವೇಲ್ಸ್‌ನ ಭಾವೀ ಪೀಳಿಗೆಗಳ ಯೋಗಕ್ಷೇಮ ಕಾಯ್ದೆ ಮುಂದಿನ ವರ್ಷ ಜಾರಿಗೆ ಬಂತು. ಸರ್ಕಾರ, ಸ್ಥಳೀಯ ಆಡಳಿತಗಳು, ಆರೋಗ್ಯ ಮಂಡಳಿಗಳು, ರಾಷ್ಟ್ರೀಯ ಉದ್ಯಾನಗಳ ಪ್ರಾಧಿಕಾರಗಳು ಮುಂತಾದ ಸಾರ್ವಜನಿಕ ಸಂಸ್ಥೆಗಳಿಗೆ ಅದು ಏಳು ಗುರಿಗಳನ್ನು ನಿಗದಿಪಡಿಸುತ್ತದೆ: ಸಮೃದ್ಧಿ, ಆಘಾತಗಳನ್ನು ತಾಳಿಕೊಳ್ಳುವ ಶಕ್ತಿ, ಆರೋಗ್ಯ, ಸಮಾನತೆ, ಒಗ್ಗಟ್ಟಿನ ಸಮುದಾಯಗಳು, ಜೀವಂತ ಸಂಸ್ಕೃತಿ ಮತ್ತು ವೆಲ್ಶ್ ಭಾಷೆ, ಜಗತ್ತಿನ ಬಗೆಗಿನ ಹೊಣೆಗಾರಿಕೆ. ದೂರದ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ತೊಂದರೆ ಬರುವ ಮೊದಲೇ ತಡೆಯುವುದು, ಗುರಿಗಳನ್ನು ಒಂದಕ್ಕೊಂದು ಹೊಂದಿಸುವುದು, ಇತರ ಸಂಸ್ಥೆಗಳೊಂದಿಗೆ ಕೂಡಿ ಕೆಲಸ ಮಾಡುವುದು, ಜನರನ್ನು ಒಳಗೊಳ್ಳುವುದು ಎಂಬ ಐದು ಕಾರ್ಯವಿಧಾನಗಳನ್ನೂ ಅದು ಹೇಳುತ್ತದೆ.

ಇಂಥ ಪಟ್ಟಿಗಳನ್ನು ಎಲ್ಲ ಸರ್ಕಾರಗಳೂ ಹೊರಡಿಸುತ್ತವೆ. ಗುರಿಗಳ ಪಟ್ಟಿಯಿಂದ ಯಾರಿಗೂ ನೋವಾಗುವುದಿಲ್ಲ. ಆದರೆ ಮೊದಲ ಗುರಿಯ ವಿವರಣೆಯನ್ನು ನಿಧಾನವಾಗಿ ಓದಬೇಕು. ಕಾಯ್ದೆಯ ಪ್ರಕಾರ ಸಮೃದ್ಧ ವೇಲ್ಸ್ ಎಂದರೆ ಹೊಸತನವುಳ್ಳ, ಉತ್ಪಾದಕವಾದ, ಕಡಿಮೆ ಇಂಗಾಲದ ಸಮಾಜ; ಜಾಗತಿಕ ಪರಿಸರಕ್ಕೆ ಮಿತಿಗಳಿವೆ ಎಂಬುದನ್ನು ಒಪ್ಪಿ ಸಂಪನ್ಮೂಲಗಳನ್ನು ಅಳತೆಯರಿತು ಬಳಸುವ ಸಮಾಜ; ಸಂಪತ್ತನ್ನು ಸೃಷ್ಟಿಸಿ, ಗೌರವಯುತ ದುಡಿಮೆಯ ಮೂಲಕ ಆ ಸಂಪತ್ತಿನ ಫಲ ಜನರ ಕೈಗೆ ಸಿಗುವಂತೆ ಮಾಡುವ ಅರ್ಥವ್ಯವಸ್ಥೆ. ಒಟ್ಟು ದೇಶೀಯ ಉತ್ಪನ್ನ ಏರಬೇಕೆಂಬ ಮಾತು ಅದರಲ್ಲಿಲ್ಲ. ಸಂಪತ್ತಿನ ಸೃಷ್ಟಿ ಇದೆ, ಆದರೆ ಮಿತಿಯ ಮಾತು ಅದಕ್ಕಿಂತ ಮೊದಲು ಬರುತ್ತದೆ. ಪರಿಸರವನ್ನು ಬೇರೆ ಇಲಾಖೆಯ ಪಾಲಿಗೆ ಬಿಡದೆ ಸಮೃದ್ಧಿಯ ವ್ಯಾಖ್ಯೆಯೊಳಕ್ಕೇ ಸೇರಿಸಿದ ಈ ವಾಕ್ಯ ಮುಂದೆ ವಕೀಲರಿಗೆ ಸಾಕಷ್ಟು ಕೆಲಸ ಕೊಟ್ಟಿತು.

ಕಾಯ್ದೆಗೆ ಕಾವಲಾಗಿ ಭಾವೀ ಪೀಳಿಗೆಗಳ ಆಯುಕ್ತರ ಹುದ್ದೆಯೊಂದನ್ನು ಸೃಷ್ಟಿಸಲಾಯಿತು. 2016ರಲ್ಲಿ ಸೋಫಿ ಹೌ ಮೊದಲ ಆಯುಕ್ತೆಯಾದರು. ಆಯುಕ್ತರು ಸಲಹೆ ಕೊಡಬಹುದು, ಪರಿಶೀಲನೆ ನಡೆಸಬಹುದು, ಶಿಫಾರಸು ಮಾಡಬಹುದು. ತೀರ್ಮಾನವನ್ನು ರದ್ದು ಮಾಡುವ ಅಧಿಕಾರ ಅವರಿಗಿಲ್ಲ. ನ್ಯಾಯಾಲಯದ ಬಾಗಿಲೂ ಕಿರಿದೇ: ಒಂದು ಶಾಲೆಯನ್ನು ಮುಚ್ಚುವ ತೀರ್ಮಾನವನ್ನು ಈ ಕಾಯ್ದೆಯ ಆಧಾರದ ಮೇಲೆ ಪ್ರಶ್ನಿಸುವ ಪ್ರಯತ್ನವನ್ನು 2019ರಲ್ಲಿ ನ್ಯಾಯಾಲಯ ಮುಂದುವರಿಸಲು ಬಿಡಲಿಲ್ಲ. ಹಲ್ಲಿಲ್ಲದ ಕಾಯ್ದೆ ಎಂಬ ಟೀಕೆಯಲ್ಲಿ ಹುರುಳಿದೆ.

ನಿಮಿಷಗಳ ಲೆಕ್ಕ

ರಸ್ತೆಯ ಪರವಾಗಿದ್ದ ವಾದವನ್ನು ಅರ್ಥ ಮಾಡಿಕೊಳ್ಳದೆ ಈ ಪ್ರಕರಣವನ್ನು ತೂಗಲಾಗದು. ಅದು ಗುತ್ತಿಗೆದಾರರ ಲಾಭದ ವಾದವಷ್ಟೇ ಆಗಿರಲಿಲ್ಲ. ಬ್ರಿಟನ್ನಿನಲ್ಲಿ ಯಾವುದೇ ದೊಡ್ಡ ರಸ್ತೆಯ ವೆಚ್ಚ ಮತ್ತು ಪ್ರಯೋಜನವನ್ನು ಸಾಮಾನ್ಯವಾಗಿ 60 ವರ್ಷಗಳ ಅವಧಿಗೆ ಲೆಕ್ಕ ಹಾಕುತ್ತಾರೆ, ಮತ್ತು ಪ್ರಯೋಜನದ ಬಹುಪಾಲು ಉಳಿಯುವ ಪ್ರಯಾಣದ ಸಮಯದಿಂದ ಬರುತ್ತದೆ. ಲೆಕ್ಕದ ಬಗೆ ತಿಳಿಯಲಿ ಎಂಬ ಕಾರಣಕ್ಕಷ್ಟೇ ಒಂದು ಕಾಲ್ಪನಿಕ ಉದಾಹರಣೆ: ದಿನಕ್ಕೆ 50,000 ವಾಹನಗಳು ಓಡಾಡುವ ರಸ್ತೆಯಲ್ಲಿ ಪ್ರತಿ ವಾಹನಕ್ಕೂ ಎರಡು ನಿಮಿಷ ಉಳಿದರೆ ವರ್ಷಕ್ಕೆ ಆರು ಲಕ್ಷ ಗಂಟೆಗಳಿಗೂ ಹೆಚ್ಚು ಉಳಿಯುತ್ತದೆ. ಒಂದು ಗಂಟೆಗೆ ಇಷ್ಟು ಪೌಂಡ್ ಎಂದು ಬೆಲೆ ಕಟ್ಟಿ ಅರವತ್ತು ವರ್ಷಕ್ಕೆ ಕೂಡಿಸಿದಾಗ ಯಾವ ಪ್ರಯಾಣಿಕನಿಗೂ ಅರಿವಿಗೆ ಬಾರದ ಎರಡು ನಿಮಿಷ ಕೋಟಿಗಟ್ಟಲೆ ಪೌಂಡ್ ಆಗಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಲೆಕ್ಕ ಜಿಡಿಪಿಯ ಲೆಕ್ಕವಲ್ಲ. ಮನೆಗೆ ಬೇಗ ತಲುಪಿ ಮಕ್ಕಳೊಂದಿಗೆ ಕಳೆಯುವ ಹತ್ತು ನಿಮಿಷ ಯಾವ ದೇಶದ ಜಿಡಿಪಿಗೂ ಸೇರುವುದಿಲ್ಲ, ಆದರೆ ರಸ್ತೆಯ ಲೆಕ್ಕದಲ್ಲಿ ಅದಕ್ಕೆ ಬೆಲೆಯಿದೆ. ತಾವು ಅಳೆಯುತ್ತಿರುವುದು ಜನರ ಒಳಿತನ್ನೇ ಎಂದು ರಸ್ತೆಯ ಅರ್ಥಶಾಸ್ತ್ರಜ್ಞರು ಹೇಳಿದರೆ ಅದು ಸುಳ್ಳಲ್ಲ. ಹಾಗಾಗಿ ನ್ಯೂಪೋರ್ಟ್‌ನ ಜಗಳವನ್ನು ಬೆಳವಣಿಗೆ ಒಂದು ಕಡೆ, ಒಳಿತು ಇನ್ನೊಂದು ಕಡೆ ಎಂದು ಬಿಡಿಸುವುದು ತಪ್ಪು. ಅಲ್ಲಿ ಎದುರುಬದುರಾಗಿ ನಿಂತದ್ದು ಒಳಿತಿನ ಎರಡು ಕಲ್ಪನೆಗಳು: ಎಲ್ಲವನ್ನೂ ಹಣದ ಒಂದೇ ಅಳತೆಗೆ ತಂದು ಕೂಡಿಸಿ ಕಳೆಯಬಹುದು ಎನ್ನುವುದು ಒಂದು, ಕೆಲವನ್ನು ಹಾಗೆ ಕೂಡಿಸಿ ಕಳೆಯಲು ಬರುವುದಿಲ್ಲ ಎನ್ನುವುದು ಇನ್ನೊಂದು.

ಮೊದಲನೆಯ ಕಲ್ಪನೆಗೆ ಎರಡು ಕಡೆ ಬಿರುಕಿದೆ. ನಾಳಿನ ನೂರು ರೂಪಾಯಿ ಇಂದಿನ ನೂರಕ್ಕೆ ಸಮವಲ್ಲ ಎಂಬ ನಿಯಮದಂತೆ ಮುಂದೆ ಬರುವ ಲಾಭ ನಷ್ಟಗಳಿಂದ ವಟ್ಟಾ ಕಳೆಯಲಾಗುತ್ತದೆ. ಬ್ರಿಟಿಷ್ ಖಜಾನೆಯ ಮಾರ್ಗಸೂಚಿಯ ಪ್ರಕಾರ ಈ ದರ ಮೊದಲ 30 ವರ್ಷಗಳಿಗೆ ವರ್ಷಕ್ಕೆ ಶೇ 3.5, ಆಮೇಲೆ ಶೇ 3. ಈ ದರದಲ್ಲಿ, ಅರವತ್ತು ವರ್ಷಗಳ ನಂತರ ಆಗುವ 100 ಪೌಂಡ್‌ಗಳ ಹಾನಿಗೆ ಇಂದಿನ ಕಾಗದದ ಮೇಲೆ ಸಿಗುವ ತೂಕ ಸುಮಾರು 15 ಪೌಂಡ್ ಮಾತ್ರ. ಇನ್ನೂ ಹುಟ್ಟದವರ ಪರವಾಗಿ ಕಾಯ್ದೆ ಮಾಡಿದ ದೇಶದಲ್ಲಿ, ಅವರ ನಷ್ಟವನ್ನು ಸುಮಾರು ಏಳಕ್ಕೆ ಒಂದರಂತೆ ಎಣಿಸುವ ಕೋಷ್ಟಕವೂ ಅದೇ ಮೇಜಿನ ಮೇಲಿತ್ತು. ಎರಡನೆಯ ಬಿರುಕು, ಬೆಲೆ ಕಟ್ಟಲಾಗದ ಸಂಗತಿಗಳದ್ದು. ಭೂದೃಶ್ಯ, ಜೀವವೈವಿಧ್ಯ, ಚಾರಿತ್ರಿಕ ಪರಿಸರ ಇವುಗಳ ಎದುರು ಅಂಕಿ ಇರುವುದಿಲ್ಲ. ದೊಡ್ಡ ಪ್ರಮಾಣದ ಹಾನಿ, ಮಧ್ಯಮ ಹಾನಿ ಎಂಬ ಮಾತುಗಳಿರುತ್ತವೆ. ಒಂದು ಕಾಲಮ್ಮಿನಲ್ಲಿ ಕೋಟಿ ಪೌಂಡ್‌ಗಳಿದ್ದು ಇನ್ನೊಂದರಲ್ಲಿ ಗುಣವಾಚಕಗಳಿದ್ದರೆ ಓದುವ ಸಚಿವರ ಕಣ್ಣು ಮೊದಲು ಎತ್ತ ಹೋಗುತ್ತದೆ ಎಂಬುದನ್ನು ಹೇಳಬೇಕಿಲ್ಲ.

ಇದಲ್ಲದೆ ಪ್ರೇರಿತ ಸಂಚಾರದ ಪ್ರಶ್ನೆಯೂ ಇತ್ತು. ಹೊಸ ರಸ್ತೆ ತಾನೇ ಹೊಸ ಓಡಾಟವನ್ನು ಹುಟ್ಟಿಸುತ್ತದೆ ಎಂಬುದನ್ನು ಬ್ರಿಟಿಷ್ ಸರ್ಕಾರದ ಸಲಹಾ ಸಮಿತಿಯೇ 1994ರಲ್ಲಿ ಒಪ್ಪಿಕೊಂಡಿತ್ತು. ಉಳಿದ ಎರಡು ನಿಮಿಷ ಉಳಿದೇ ಇರುತ್ತದೆ ಎಂಬ ಖಾತರಿ ಇಲ್ಲ.

ಜೌಗಿನ ಬಯಲು

ಬೈಪಾಸ್ ಹಾದುಹೋಗಬೇಕಿದ್ದ ಗ್ವೆಂಟ್ ಲೆವೆಲ್ಸ್ ಎಂಬ ಬಯಲು ಪ್ರಕೃತಿ ತಾನಾಗಿ ಕೊಟ್ಟದ್ದಲ್ಲ. ಸೆವರ್ನ್ ನದೀಮುಖದ ಉಬ್ಬರ ಇಳಿತ ಜಗತ್ತಿನ ಅತಿ ದೊಡ್ಡವುಗಳಲ್ಲಿ ಒಂದು; ಆ ಕಡಲಿನಿಂದ ಈ ನೆಲವನ್ನು ಗೆದ್ದುಕೊಳ್ಳುವ ಕೆಲಸ ರೋಮನ್ನರ ಕಾಲದಲ್ಲೇ ಶುರುವಾಯಿತು. ರೀನ್ ಎಂದು ಊರಿನವರು ಕರೆಯುವ ಕಾಲುವೆಗಳು ಹೊಲದಿಂದ ಹೊಲಕ್ಕೆ ಬಲೆಯಂತೆ ಹರಡಿ, ಮಳೆನೀರನ್ನು ತೂಬುಗಳ ಮೂಲಕ ಕಡಲಿಗೆ ಬಿಡುತ್ತವೆ. ಪ್ರತಿ ಪೀಳಿಗೆಯೂ ಹೂಳೆತ್ತುತ್ತ ಬಂದದ್ದರಿಂದ ಆ ಬಲೆ ಉಳಿದಿದೆ. 1607ರ ಜನವರಿಯ ಮಹಾಪ್ರವಾಹ ಈ ಬಯಲನ್ನು ಮುಳುಗಿಸಿದಾಗಲೂ ಮತ್ತೆ ಕಟ್ಟಿಕೊಂಡರು. ಬ್ರಿಟನ್ನಿನಲ್ಲಿ ಬೆರಳೆಣಿಕೆಯ ಕಡೆಗಳಲ್ಲಷ್ಟೇ ಉಳಿದಿರುವ ಒಂದು ಜಾತಿಯ ದುಂಬಿ ಇಲ್ಲಿದೆ. ವೇಲ್ಸ್‌ನಲ್ಲಿ ಸುಮಾರು 400 ವರ್ಷಗಳಿಂದ ಸಂತಾನ ಬೆಳೆಸದಿದ್ದ ಕ್ರೌಂಚ ಪಕ್ಷಿಗಳು 2016ರಲ್ಲಿ ಮರಿ ಮಾಡಿದ್ದೂ ಇಲ್ಲೇ. ವಿಶೇಷ ವೈಜ್ಞಾನಿಕ ಮಹತ್ವದ ತಾಣಗಳೆಂದು ಕಾನೂನಿನ ರಕ್ಷಣೆ ಪಡೆದ ಹಲವು ತುಂಡುಗಳನ್ನು ಸೀಳಿಕೊಂಡು ರಸ್ತೆ ಹೋಗಬೇಕಿತ್ತು.

ಕತ್ತರಿಸಿದ ಕಾಲುವೆಗೆ ಬದಲಿ ಕಾಲುವೆ ತೋಡುತ್ತೇವೆ ಎಂಬುದು ಯೋಜಕರ ಉತ್ತರವಾಗಿತ್ತು. ಉದ್ದದ ಲೆಕ್ಕದಲ್ಲಿ ಅದು ಸರಿಹೋಗಬಹುದು. ಆದರೆ ನೂರಾರು ವರ್ಷ ನೀರು ನಿಂತು, ಕೆಸರು ಕೂತು, ಹುಳುಹುಪ್ಪಟೆ ನೆಲೆಸಿದ ರೀನ್ ಬೇರೆ, ಯಂತ್ರ ಒಂದು ಬೇಸಿಗೆಯಲ್ಲಿ ತೋಡಿದ ಗುಂಡಿ ಬೇರೆ.

ವಿಚಾರಣೆ ಮತ್ತು ಆದೇಶ

ಸಾರ್ವಜನಿಕ ವಿಚಾರಣೆ 2017ರ ಫೆಬ್ರವರಿಯಲ್ಲಿ ಆರಂಭವಾಗಿ ಮುಂದಿನ ವರ್ಷದ ಮಾರ್ಚ್‌ವರೆಗೆ ನಡೆಯಿತು. ಕುತೂಹಲದ ಸಂಗತಿಯೆಂದರೆ ಎರಡೂ ಕಡೆಯವರು ಅದೇ ಕಾಯ್ದೆಯನ್ನು ಕೈಯಲ್ಲಿ ಹಿಡಿದು ವಾದಿಸಿದರು. ಆರ್ಥಿಕ, ಸಾಮಾಜಿಕ, ಪರಿಸರ, ಸಾಂಸ್ಕೃತಿಕ ಎಂಬ ನಾಲ್ಕು ಬಗೆಯ ಯೋಗಕ್ಷೇಮಗಳನ್ನು ತೂಗಿ ನೋಡಲು ಕಾಯ್ದೆ ಅವಕಾಶ ಕೊಡುತ್ತದೆ, ಒಂದರಲ್ಲಿ ಆಗುವ ಲಾಭ ಇನ್ನೊಂದರ ನಷ್ಟವನ್ನು ಮೀರಬಹುದು ಎಂಬುದು ಸರ್ಕಾರದ ನಿಲುವು. ಸೋಫಿ ಹೌ ಇದನ್ನು ಲಿಖಿತವಾಗಿಯೇ ವಿರೋಧಿಸಿದರು. ಕಾಯ್ದೆ ಹೇಳುವುದು ನಾಲ್ಕನ್ನೂ ಉತ್ತಮಪಡಿಸಬೇಕೆಂದು, ಒಂದನ್ನು ಮಾರಿ ಇನ್ನೊಂದನ್ನು ಕೊಳ್ಳಬಹುದೆಂದಲ್ಲ ಎಂಬುದು ಅವರ ವಾದದ ತಿರುಳು. ರಸ್ತೆಯ ಬದಲು ಸಾರ್ವಜನಿಕ ಸಾರಿಗೆಗೆ ಆ ಹಣ ಹೋಗಲಿ ಎಂದೂ ಅವರು ಒತ್ತಾಯಿಸಿದರು. ನ್ಯೂಪೋರ್ಟ್‌ನ ಸುಮಾರು ಕಾಲು ಭಾಗ ಮನೆಗಳಲ್ಲಿ ಕಾರೇ ಇಲ್ಲವೆಂಬುದನ್ನು ನೆನೆದರೆ, ಈ ಸಾರ್ವಜನಿಕ ಹಣದಿಂದ ಉಳಿಯುವ ನಿಮಿಷಗಳು ಯಾರ ನಿಮಿಷಗಳು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈ ನಡುವೆ ವೆಚ್ಚ ಏರುತ್ತಲೇ ಇತ್ತು. ಅಸ್ಕ್ ನದಿಯ ಮೇಲಿನ ಸೇತುವೆ ಬಂದರಿನ ಮೇಲೆಯೇ ಹಾದುಹೋಗುವುದರಿಂದ ಬಂದರಿನಲ್ಲಿ ಮಾಡಬೇಕಾದ ಕಾಮಗಾರಿಗೆಂದು 13.6 ಕೋಟಿ ಪೌಂಡ್ ಸೇರಿದಾಗ ಅಂದಾಜು 140 ಕೋಟಿ ಪೌಂಡ್ ಮುಟ್ಟಿತು. ತೆರಿಗೆ ಸೇರಿಸಿದರೆ ಇನ್ನೂ ಹೆಚ್ಚು.

ವಿಚಾರಣಾಧಿಕಾರಿಯ ವರದಿ 500 ಪುಟಗಳನ್ನು ಮೀರಿತ್ತು, ಮತ್ತು ಅವರ ಶಿಫಾರಸು ರಸ್ತೆಯ ಪರವಾಗಿತ್ತು. ಇದನ್ನು ಮರೆತು ಹೇಳುವ ಕಥೆಗಳೇ ಹೆಚ್ಚು. ಸಾಕ್ಷ್ಯವನ್ನು ಒಂದು ವರ್ಷಕ್ಕೂ ಮೀರಿ ಕೇಳಿದವರು ಸಾರ್ವಜನಿಕ ಹಿತಕ್ಕೆ ಈ ರಸ್ತೆ ಬೇಕೆಂದೇ ತೀರ್ಮಾನಿಸಿದ್ದರು. ಯೋಗಕ್ಷೇಮ ಕಾಯ್ದೆಯನ್ನು ಓದಿಯೇ ಅವರು ಹಾಗೆಂದರು.

2018ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದಿದ್ದ ಡ್ರೇಕ್‌ಫರ್ಡ್ ಅವರ ಆದೇಶ ಎರಡು ಕಾಲುಗಳ ಮೇಲೆ ನಿಂತಿದೆ. ಮೊದಲನೆಯದು ಹಣ. ಬ್ರೆಕ್ಸಿಟ್‌ನ ಅನಿಶ್ಚಿತತೆಯಲ್ಲಿ, ಮುಂದಿನ ಅನುದಾನ ಎಷ್ಟೆಂದು ತಿಳಿಯದ ಹೊತ್ತಿನಲ್ಲಿ, ಇಷ್ಟು ಮೊತ್ತವನ್ನು ಒಂದೇ ರಸ್ತೆಗೆ ಕಟ್ಟಿಹಾಕಲು ಸಚಿವ ಸಂಪುಟ ಸಿದ್ಧವಿರಲಿಲ್ಲ. ಎರಡನೆಯದು, ಹಣ ಇದ್ದಿದ್ದರೂ ತಾನು ಒಪ್ಪುತ್ತಿರಲಿಲ್ಲ ಎಂಬ ಮಾತು: ಗ್ವೆಂಟ್ ಲೆವೆಲ್ಸ್‌ನ ತಾಣಗಳು, ರೀನ್‌ಗಳ ಜಾಲ, ವನ್ಯಜೀವಿಗಳು ಮತ್ತು ಚಾರಿತ್ರಿಕ ಭೂದೃಶ್ಯಕ್ಕೆ ಆಗುವ ಹಾನಿಗೆ ವಿಚಾರಣಾಧಿಕಾರಿ ಕೊಟ್ಟದ್ದಕ್ಕಿಂತ ಹೆಚ್ಚಿನ ತೂಕವನ್ನು ತಾವು ಕೊಡುವುದಾಗಿ ಅವರು ದಾಖಲಿಸಿದರು. ಆದೇಶಕ್ಕೆ ಐದು ವಾರ ಮೊದಲಷ್ಟೇ ವೇಲ್ಸ್ ಸರ್ಕಾರ ಹವಾಮಾನ ತುರ್ತುಸ್ಥಿತಿ ಘೋಷಿಸಿತ್ತು.

ಹಾಗಾದರೆ ಕಾಯ್ದೆ ಮಾಡಿದ್ದೇನು? ಅದು ಯಾರ ಕೈಯನ್ನೂ ಕಟ್ಟಲಿಲ್ಲ. ಅದೇ ಕಡತ, ಅದೇ ಕಾಯ್ದೆ ಇಟ್ಟುಕೊಂಡು ಇನ್ನೊಬ್ಬ ಮೊದಲ ಸಚಿವರು ಹೌದು ಎನ್ನಬಹುದಿತ್ತು. ಹಿಂದಿನವರಾದ ಕಾರ್ವಿನ್ ಜೋನ್ಸ್ ರಸ್ತೆಯ ಪರವಾಗಿಯೇ ಇದ್ದರು. ಕಾಯ್ದೆ ಮಾಡಿದ್ದು ತಕ್ಕಡಿಯನ್ನು ಬಯಲಿಗೆ ತಂದದ್ದು. ಪರಿಸರಕ್ಕೆ ಎಷ್ಟು ತೂಕ ಕೊಟ್ಟಿರಿ ಎಂಬ ಪ್ರಶ್ನೆ ಲೆಕ್ಕಪತ್ರದ ಒಂದು ಮೂಲೆಯಲ್ಲಿ ತಜ್ಞರ ನಡುವೆ ಮುಗಿಯುವ ಬದಲು, ಚುನಾಯಿತ ವ್ಯಕ್ತಿ ತನ್ನ ಹೆಸರಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಯಾಯಿತು. ತೂಕವನ್ನು ಬದಲಿಸಿದ್ದೇನೆ ಎಂದು ಸಹಿ ಹಾಕಿ ಹೇಳಲು ಆ ವ್ಯಕ್ತಿಗೆ ಕಾನೂನಿನ ಭಾಷೆಯೊಂದು ಸಿದ್ಧವಿತ್ತು. ಇದನ್ನು ಸಣ್ಣ ಸಾಧನೆ ಎನ್ನುವವರೊಂದಿಗೆ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಮೂವತ್ತು ವರ್ಷ ಈ ಯೋಜನೆ ನಿಂತದ್ದೂ ಎದ್ದದ್ದೂ ಬರೀ ದುಡ್ಡಿನ ಮಾತಿನ ಮೇಲೆ ಎಂಬುದನ್ನು ಅವರು ಗಮನಿಸಬೇಕು.

ಯೋಜನೆಯ ಸಿದ್ಧತೆಗೆ ಆ ಹೊತ್ತಿಗಾಗಲೇ 11.4 ಕೋಟಿ ಪೌಂಡ್ ಖರ್ಚಾಗಿತ್ತು. ಒಂದು ಹಿಡಿ ಡಾಂಬರೂ ಬಿದ್ದಿರಲಿಲ್ಲ.

ಬೇಡ ಎಂದ ಮೇಲೆ

ಸುರಂಗದ ಮುಂದಿನ ಸಾಲು ಮಾತ್ರ ಹಾಗೆಯೇ ಇತ್ತು. ತಡೆದ ರಸ್ತೆಯ ಬದಲಿಗೆ ಏನು ಎಂದು ಕೇಳುವ ಹಕ್ಕು ಅಲ್ಲಿ ಸಿಕ್ಕಿಬಿದ್ದವರಿಗಿತ್ತು, ಮತ್ತು ಯೋಗಕ್ಷೇಮದ ಮಾತಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಸರ್ಕಾರ ಬ್ರಿಟಿಷ್ ಖಜಾನೆಯಲ್ಲಿ ಹಿಂದೆ ಉನ್ನತಾಧಿಕಾರಿಯಾಗಿದ್ದ ಲಾರ್ಡ್ ಟೆರಿ ಬರ್ನ್ಸ್ ಅವರ ಅಧ್ಯಕ್ಷತೆಯಲ್ಲಿ ಆಗ್ನೇಯ ವೇಲ್ಸ್ ಸಾರಿಗೆ ಆಯೋಗವನ್ನು ರಚಿಸಿತು. 2020ರ ನವೆಂಬರಿನಲ್ಲಿ ಬಂದ ಅದರ ಅಂತಿಮ ವರದಿಯಲ್ಲಿ 58 ಶಿಫಾರಸುಗಳಿದ್ದವು.

ಆಯೋಗ ಕಂಡುಕೊಂಡದ್ದು ಸರಳವಾದ, ಆದರೆ ಯಾರೂ ಅಷ್ಟು ಗಟ್ಟಿಯಾಗಿ ಹೇಳಿರದ ಸಂಗತಿ: ಜನರು ಹೆದ್ದಾರಿಗೆ ಬರುವುದು ಹೆದ್ದಾರಿಯ ಮೇಲಿನ ಪ್ರೀತಿಯಿಂದಲ್ಲ, ಬೇರೆ ದಾರಿಯಿಲ್ಲದೆ. ಕಾರ್ಡಿಫ್ ಮತ್ತು ನ್ಯೂಪೋರ್ಟ್‌ಗಳ ಮುಖ್ಯ ನಿಲ್ದಾಣಗಳ ನಡುವೆ ನಾಲ್ಕು ಹಳಿಗಳ ರೈಲುಮಾರ್ಗವಿದ್ದೂ ನಡುವೆ ಒಂದೇ ಒಂದು ನಿಲ್ದಾಣವಿರಲಿಲ್ಲ. ನ್ಯೂಪೋರ್ಟ್‌ನಿಂದ ಪೂರ್ವಕ್ಕೆ ಸೆವರ್ನ್ ಸುರಂಗದ ಜಂಕ್ಷನ್‌ವರೆಗೂ ಅದೇ ಸ್ಥಿತಿ. ಹಳಿಯ ಪಕ್ಕದಲ್ಲೇ ಮನೆಯಿದ್ದವರು ರೈಲು ಹೋಗುವುದನ್ನು ನೋಡಿ ಕಾರು ಹತ್ತುತ್ತಿದ್ದರು. ಆರು ಹೊಸ ನಿಲ್ದಾಣಗಳು, ಆ ಹಳಿಗಳ ಮೇಲ್ದರ್ಜೆ, ನಿಲ್ದಾಣಕ್ಕೆ ಹೊಂದಿಕೊಂಡ ಬಸ್ ಮತ್ತು ಸೈಕಲ್ ದಾರಿಗಳು, ಎಲ್ಲಕ್ಕೂ ನಡೆಯುವ ಒಂದೇ ಟಿಕೆಟ್ ವ್ಯವಸ್ಥೆ ಆಯೋಗದ ಸಲಹೆಗಳ ಮುಖ್ಯ ಭಾಗ. ತಕ್ಷಣದ ಕ್ರಮವಾಗಿ ಸುರಂಗದ ಆಸುಪಾಸಿನಲ್ಲಿ ಗಂಟೆಗೆ 50 ಮೈಲಿಯ ವೇಗಮಿತಿಯನ್ನು ಆಯೋಗ ಮೊದಲೇ ಸೂಚಿಸಿತ್ತು. ವಾಹನಗಳು ಒಂದೇ ವೇಗದಲ್ಲಿ ಸಾಗಿದರೆ ಬ್ರೇಕಿನ ಅಲೆಗಳು ತಗ್ಗುತ್ತವೆ ಎಂಬುದು ಅದರ ಹಿಂದಿನ ತರ್ಕ. ಅದು ಜಾರಿಗೂ ಬಂತು.

ಉಳಿದದ್ದು ಅಷ್ಟು ಬೇಗ ಬರಲಿಲ್ಲ. ವೇಲ್ಸ್‌ನಲ್ಲಿ ಹೆದ್ದಾರಿ ವೇಲ್ಸ್ ಸರ್ಕಾರದ್ದು, ಆದರೆ ಈ ಮುಖ್ಯ ರೈಲುಮಾರ್ಗದ ಹಳಿಗಳು ಲಂಡನ್ನಿನ ಸರ್ಕಾರದ ಹೊಣೆ. ರಸ್ತೆ ಬೇಡ ಎನ್ನುವ ಅಧಿಕಾರವಿದ್ದವರಿಗೆ ರೈಲು ಬೇಕು ಎನ್ನುವ ಅಧಿಕಾರ ಇರಲಿಲ್ಲ. ಈ ಒಂದು ವಾಕ್ಯದಲ್ಲಿ ಪ್ರಕರಣದ ಅರ್ಧ ಭಾಗ ಅಡಗಿದೆ ಎಂದು ನನಗನ್ನಿಸುತ್ತದೆ. ಒಳಿತಿನ ಗುರಿಯನ್ನು ಒಂದು ಸರ್ಕಾರ ಕಾನೂನಾಗಿ ಬರೆದು, ಅದನ್ನು ಸಾಧಿಸುವ ಹತೋಟಿಗಳು ಇನ್ನೊಂದರ ಬಳಿ ಉಳಿದಾಗ, ಮೊದಲನೆಯದು ಮಾಡಬಲ್ಲ ದೊಡ್ಡ ಕೆಲಸಗಳೆಲ್ಲ ತಡೆಯುವ ಕೆಲಸಗಳೇ ಆಗಿಬಿಡುತ್ತವೆ. ಹೊರಗಿನಿಂದ ನೋಡುವವರಿಗೆ ಆ ಸರ್ಕಾರ ಬರೀ ಬೇಡ ಎನ್ನುವ ಸರ್ಕಾರವಾಗಿ ಕಾಣುತ್ತದೆ, ಮತ್ತು ಆ ಚಿತ್ರಕ್ಕೆ ಚುನಾವಣೆಯಲ್ಲಿ ಬೆಲೆಯಿದೆ.

ಆ ದಾರಿಯಲ್ಲೇ ವೇಲ್ಸ್ ಇನ್ನೂ ಮುಂದೆ ಹೋಯಿತು. 2021ರ ಜೂನ್‌ನಲ್ಲಿ ಹೊಸ ರಸ್ತೆ ಯೋಜನೆಗಳನ್ನೆಲ್ಲ ತಡೆಹಿಡಿದು ತಜ್ಞರ ಪರಿಶೀಲನೆಗೆ ಒಪ್ಪಿಸಲಾಯಿತು. 2023ರ ಫೆಬ್ರವರಿಯಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಐವತ್ತಕ್ಕೂ ಹೆಚ್ಚು ಯೋಜನೆಗಳ ಪೈಕಿ ಮುಂದುವರಿಯಲು ಒಪ್ಪಿಗೆ ಸಿಕ್ಕಿದ್ದು 15ಕ್ಕೆ. ಸುರಕ್ಷತೆ, ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು, ಕಾರಿನಿಂದ ಬೇರೆ ಸಾರಿಗೆಗೆ ಜನರನ್ನು ತರುವುದು ಇಂಥ ಉದ್ದೇಶಗಳಿದ್ದರೆ ಮಾತ್ರ ರಸ್ತೆಗೆ ಹಣ ಎಂಬ ನಿಯಮವನ್ನು ಆಗ ಒಪ್ಪಲಾಯಿತು. ಬ್ರಿನ್‌ಗ್ಲಾಸ್‌ನಲ್ಲಿ ಒಬ್ಬರ ವಿವೇಚನೆಯಾಗಿದ್ದದ್ದು ಇಲ್ಲಿ ಬರೆದಿಟ್ಟ ನಿಯಮವಾಯಿತು. ನನ್ನ ಮಟ್ಟಿಗೆ ಇದು 2019ರ ಆದೇಶಕ್ಕಿಂತ ದೊಡ್ಡ ಬದಲಾವಣೆ, ಆದರೂ ಸುದ್ದಿಯಾದದ್ದು ಕಡಿಮೆ.

2025ರ ಜೂನ್‌ನಲ್ಲಿ ಲಂಡನ್ನಿನ ಸರ್ಕಾರ ವೇಲ್ಸ್‌ನ ರೈಲು ಕಾಮಗಾರಿಗಳಿಗೆ ಹತ್ತು ವರ್ಷಗಳ ಅವಧಿಗೆ 44.5 ಕೋಟಿ ಪೌಂಡ್ ಪ್ರಕಟಿಸಿತು. ಬರ್ನ್ಸ್ ಆಯೋಗ ಹೇಳಿದ್ದ ನಿಲ್ದಾಣಗಳೂ ಅದರಲ್ಲಿ ಸೇರಿವೆ. ರಸ್ತೆ ಬೇಡವೆಂದ ದಿನದಿಂದ ಈ ಘೋಷಣೆಗೆ ಆರು ವರ್ಷ ಹಿಡಿದಿತ್ತು. ಬೈಪಾಸ್ ಕಟ್ಟುತ್ತೇವೆ ಎಂಬ ಭರವಸೆಯನ್ನು ವಿರೋಧ ಪಕ್ಷವೊಂದು ಕೈಬಿಟ್ಟಿಲ್ಲ. ಸುರಂಗದಲ್ಲಿ ಈಗಲೂ ದಿಕ್ಕಿಗೆ ಎರಡು ಪಥ, ಗಂಟೆಗೆ 50 ಮೈಲಿ. ದಕ್ಷಿಣದ ಬಯಲಿನಲ್ಲಿ ರೀನ್‌ಗಳ ಹೂಳೆತ್ತುವ ಕೆಲಸ ನಡೆದೇ ಇದೆ.